ನಿಂತ ಯಂತ್ರವೂ ಕೊಲ್ಲುತ್ತದೆ

ಮಾನ್ಯ ಸಂಪಾದಕರೇ,

ಯಂತ್ರ ನಿಂತರೆ ಅಪಾಯವೂ ನಿಂತಿತು ಎಂದು ನಂಬಿಯೇ ಎಷ್ಟೋ ನಿರ್ವಹಣಾ ಕಾರ್ಮಿಕರು ಜೀವ ಕಳೆದುಕೊಳ್ಳುತ್ತಾರೆ. ಸ್ವಿಚ್ ಆರಿಸಿದ ಮೇಲೂ ಕೊಳವೆಯಲ್ಲಿ ಒತ್ತಡ, ಕೆಪಾಸಿಟರ್‌ನಲ್ಲಿ ವಿದ್ಯುತ್ ಉಳಿದಿರಬಹುದು. ಮುಚ್ಚಿದ ತೊಟ್ಟಿಯಲ್ಲಂತೂ ವಿಷಾನಿಲಕ್ಕೆ ಸಿಕ್ಕಿ ಬಿದ್ದವನನ್ನು ಎತ್ತಲು ಇಳಿದವನೂ ಹಲವೊಮ್ಮೆ ಮೇಲೆ ಬರುವುದಿಲ್ಲ.

1988ರಲ್ಲಿ ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲ ವೇದಿಕೆಯಲ್ಲಿ ಪಂಪಿನ ಸುರಕ್ಷತಾ ಕವಾಟವನ್ನು ದುರಸ್ತಿಗೆ ಬಿಚ್ಚಿದ್ದ ಸಂಗತಿ ಮುಂದಿನ ಪಾಳಿಯವರಿಗೆ ತಿಳಿಯದೆ ಪಂಪ್ ಚಾಲೂ ಆಯಿತು. ಅನಿಲ ಸೋರಿ ಸ್ಫೋಟಿಸಿ 167 ಮಂದಿ ಬಲಿಯಾದರು. ಆದರೂ ಕೆಲಸಕ್ಕೆ ಮುನ್ನ ಮಾಡಬೇಕಾದ ಅಪಾಯದ ಅಂದಾಜೆಂದರೆ ಹಲವೆಡೆ ಇಂದಿಗೂ ಕಚೇರಿಯಲ್ಲಿ ಕುಳಿತು ಹಳೆಯ ನಮೂನೆ ತುಂಬುವುದು! ಸಿಟ್ಟು ಬರುವುದು ಇಲ್ಲೇ. ಅದು ಯಂತ್ರದ ಪಕ್ಕದಲ್ಲಿ, ಸ್ಪ್ಯಾನರ್ ಹಿಡಿಯುವವನ ಜೊತೆಗೂಡಿ ಆಗಬೇಕು. ಬೀಗ ಹಾಕಿದ ಸ್ವಿಚ್ಚಿನ ಕೀಲಿ ಅವನ ಜೇಬಿನಲ್ಲೇ ಇರಬೇಕು. ಗುತ್ತಿಗೆ ಕಾರ್ಮಿಕನಿಗೂ ‘ಈ ಕೆಲಸ ಈಗ ಬೇಡ’ ಎನ್ನುವ ಹಕ್ಕು ಕೊಡಿ.

– ನಿವೃತ್ತ ನಿರ್ವಹಣಾ ಮೇಲ್ವಿಚಾರಕ