ಫೋಟೋ ಆಮೇಲೆ, ಮೊದಲು ಚಿಲಕ

ತೀರ್ಥಹಳ್ಳಿ

ಚಿ. ರಮ್ಯಾಗೆ ದೊಡ್ಡಮ್ಮನ ಆಶೀರ್ವಾದಗಳು.

ಕಾಲೇಜಿನ ಆರೋಗ್ಯ ಸಮಿತಿ ಈ ಸಲ ನಿನ್ನ ಪಾಲಿಗೆ ಬಂತಂತೆ, ನಿನ್ನಮ್ಮ ಹೇಳಿದಳು. ಸಂತೋಷ. ಒಂದು ಶಿಬಿರ, ಒಂದು ಭಾಷಣ, ನಾಲ್ಕು ಫೋಟೋಗೆ ವರ್ಷ ಮುಗಿಸಬೇಡ ಮಾರಾಯ್ತಿ. ಶಿಬಿರದಲ್ಲಿ ಬಿ.ಪಿ. ಜಾಸ್ತಿ ಬಂದವರನ್ನು ಮುಂದಿನ ತಿಂಗಳು ಯಾರೂ ವಿಚಾರಿಸದಿದ್ದರೆ ಅದು ನಡೆದದ್ದೂ ಒಂದೇ, ಬಿಟ್ಟದ್ದೂ ಒಂದೇ.

ಹುಡುಗಿಯರ ಶೌಚಾಲಯದಿಂದ ಶುರು ಮಾಡು. ಬಾಗಿಲಿಗೆ ಚಿಲಕ ಕೂರುತ್ತದೆಯೇ, ನಲ್ಲಿಯಲ್ಲಿ ನೀರು ಬರುತ್ತದೆಯೇ, ಪ್ಯಾಡ್ ಹಾಕಲು ಮುಚ್ಚಳದ ಡಬ್ಬಿ ಇದೆಯೇ, ನೀನೇ ಹೋಗಿ ನೋಡು. ಇವಿಲ್ಲದ ಕಡೆ ಹುಡುಗಿಯರು ಸಂಜೆ ಬಸ್ಸು ಹತ್ತುವವರೆಗೂ ನೀರು ಮುಟ್ಟುವುದಿಲ್ಲ. ಉರಿಮೂತ್ರ, ತಲೆನೋವು ಅಲ್ಲಿಂದಲೇ. 'ನೀರು ಕುಡೀರಿ' ಎಂದು ಗೋಡೆಗೆ ಬರೆಸುವ ಮೊದಲು ಚಿಲಕ ಹಾಕಿಸು. ಮಳೆಗಾಲದಲ್ಲಿ ಬಾವಿ ನೀರು ಕದಡುತ್ತದೆ. ಸೋಸಿದರೆ ಸಾಲದು, ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಕುದಿಸಿ, ನಲ್ಲಿಯಿರುವ ಪಾತ್ರೆಯಲ್ಲಿ ಮುಚ್ಚಿಡಬೇಕು. ಲೋಟ ಅದ್ದಿ ತೆಗೆದರೆ ಕುದಿಸಿದ್ದು ವ್ಯರ್ಥ.

ಆಮೇಲೆ ರಕ್ತಹೀನತೆ. ಮೊದಲ ಬಸ್ಸಿಗೆ ಬರುವ ಹುಡುಗಿ ಒಂದು ಲೋಟ ಕಾಫಿ ಕುಡಿದು ಹೊರಟಿರುತ್ತಾಳೆ. ಎರಡನೇ ಪೀರಿಯಡ್ಡಿಗೆ ಕಣ್ಣು ಕತ್ತಲೆ ಬಂದರೆ 'ಓದುವ ಮನಸ್ಸಿಲ್ಲ' ಎಂದು ನಾವು ಬೈಯುತ್ತೇವೆ. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ ಬಿಳಿಚಿದೆ ಎನ್ನುವುದು ಊಹೆ, ಹಿಮೋಗ್ಲೋಬಿನ್ ಪರೀಕ್ಷೆಯೇ ಆಗಬೇಕು. ಹುಡುಗಿಯರಿಗೆ 12, ಹುಡುಗರಿಗೆ 13 ಗ್ರಾಮಿಗಿಂತ ಕಡಿಮೆ ಬಂದರೆ ವೈದ್ಯರ ಹತ್ತಿರ ಕಳಿಸು. ಕಬ್ಬಿಣದ ಮಾತ್ರೆ ಕೊಟ್ಟರೂ ಎಷ್ಟೋ ಜನ ಬಿಡುವುದು ಹೆದರಿಕೆಗೆ: ಮಲ ಕಪ್ಪಾಗುತ್ತದೆ, ಹೊಟ್ಟೆ ತೊಳೆಸುತ್ತದೆ. ಕಪ್ಪಾಗುವುದು ಸಹಜ ಎಂದು ಮೊದಲೇ ಹೇಳಿಬಿಡು. ಹೊಟ್ಟೆ ತೊಳೆಸಿದರೆ ಊಟದ ನಂತರ ನುಂಗಲಿ. ಕಾಫಿ, ಚಹಾ, ಹಾಲಿಗೂ ಮಾತ್ರೆಗೂ ಕನಿಷ್ಠ ಒಂದು ಗಂಟೆ ಅಂತರ ಇರಲಿ, ಇಲ್ಲದಿದ್ದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ. ನಿಂಬೆ ಪಾನಕ, ನೆಲ್ಲಿಕಾಯಿ ಒಳ್ಳೆಯದು. ಹಿಮೋಗ್ಲೋಬಿನ್ ಸರಿಯಾದ ತಕ್ಷಣ ನಿಲ್ಲಿಸಿದರೆ ಮತ್ತೆ ಇಳಿಯುತ್ತದೆ. ಮೂರು ತಿಂಗಳಾದರೂ ಮುಂದುವರಿಸಲು ವೈದ್ಯರು ಹೇಳುತ್ತಾರೆ, ಅದನ್ನು ಅರ್ಧಕ್ಕೆ ಬಿಡದಂತೆ ನೋಡಿಕೊಳ್ಳುವುದು ನಿನ್ನ ಕೆಲಸ.

ಸ್ಟಾಫ್ ರೂಮಿಗೆ ಒಂದು ಬಿ.ಪಿ. ಮಶೀನು ತರಿಸು. ಅಟೆಂಡರ್, ಕ್ಲರ್ಕ್, ಅಡುಗೆಯವರು, ಎಲ್ಲರೂ ತಿಂಗಳಿಗೊಮ್ಮೆ ನೋಡಿಸಿಕೊಳ್ಳಲಿ. ಅಳತೆಯ ಕ್ರಮ ತಪ್ಪಿದರೆ ಅಂಕಿಯೂ ತಪ್ಪು. ಅರ್ಧ ಗಂಟೆ ಮೊದಲಿಂದ ಕಾಫಿ, ಬೀಡಿ ಬೇಡ. ಮೂತ್ರ ಮುಗಿಸಿ, ಬೆನ್ನು ಒರಗಿಸಿ, ಪಾದ ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕೂರಬೇಕು. ಕಾಲ ಮೇಲೆ ಕಾಲು ಹಾಕಬಾರದು, ಮಾತಾಡಬಾರದು. ಮಶೀನಿನ ಪಟ್ಟಿ ಬರಿ ತೋಳಿಗೆ, ತೋಳು ಮೇಜಿನ ಮೇಲೆ ಎದೆಯ ಮಟ್ಟಕ್ಕೆ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಇಲ್ಲದ ಬಿ.ಪಿ. ಬರುತ್ತದೆ, ಅದಕ್ಕೆ ಎರಡು ಅಳತೆಯ ಪಟ್ಟಿ ತರಿಸು. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ ಎರಡನ್ನೂ ಬರೆ. ಬೇರೆ ಬೇರೆ ದಿನ 140/90 ಅಥವಾ ಅದಕ್ಕಿಂತ ಮೇಲೆ ಬಂದವರು ವೈದ್ಯರನ್ನು ಕಾಣಲೇಬೇಕು. ಉಪ್ಪು ದಿನಕ್ಕೆ ಐದು ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಟೀ ಚಮಚವೂ ಪೂರ್ತಿ ಬೇಡ. ನಮ್ಮ ಕಡೆಯ ಮಿಡಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಎಲ್ಲವೂ ಆ ಲೆಕ್ಕದೊಳಗೇ.

ಎನ್‌ಎಸ್‌ಎಸ್ ಶಿಬಿರ ಕಾಡಂಚಿನ ಹಳ್ಳಿಯಲ್ಲಿ ಅಂತಾದರೆ ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ನೆನಪಿರಲಿ. 1957ರಲ್ಲಿ ಅದನ್ನು ಗುರುತಿಸಿದ್ದೇ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರಿನಿಂದ ಮೇವರೆಗೆ ಉಣುಗಿನ ಕಾಲ. ಆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸದೆ ಜಾಗ ಗೊತ್ತುಮಾಡಬೇಡ. ಮೈತುಂಬ ಬಟ್ಟೆ, ಪ್ಯಾಂಟಿನ ತುದಿ ಸಾಕ್ಸ್ ಒಳಗೆ, ಉಣುಗು ಹತ್ತದಂತೆ ಹಚ್ಚುವ ಡೇಪಾ ಎಣ್ಣೆ. ದರಗಿನ (ಉದುರಿದ ಒಣ ಎಲೆಯ) ಮೇಲೆ ಕೂರಬಾರದು. ಸಂಜೆ ಬಿಸಿನೀರು ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಕಚ್ಚಿದ ಉಣುಗನ್ನು ಚಿಮುಟದಿಂದ ಚರ್ಮಕ್ಕೆ ತಾಗಿ ಹಿಡಿದು ನೆಟ್ಟಗೆ ಎಳೆ. ಸುಡುವುದು, ಜಜ್ಜುವುದು ಬೇಡ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸು. ಶಿಬಿರದಿಂದ ಬಂದ ವಾರ ಹತ್ತು ದಿನದೊಳಗೆ ಚಳಿ ಜ್ವರ, ಸಿಡಿಯುವ ತಲೆನೋವು ಬಂದವರು ಅಂಗಡಿ ಮಾತ್ರೆ ನುಂಗಬಾರದು, ಕಾಡಿಗೆ ಹೋಗಿದ್ದೆ ಎಂದು ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು.

ಕವಳದ (ಎಲೆ ಅಡಿಕೆಯ) ಅಭ್ಯಾಸದ ವಿಷಯ ನಮ್ಮ ಸೀಮೆಯಲ್ಲಿ ಎತ್ತುವುದು ಕಷ್ಟ. ಆದರೂ ಬರಿ ಅಡಿಕೆ ಜಗಿದರೂ ಬಾಯಿ ಕ್ಯಾನ್ಸರ್ ಬರಬಹುದು, ಹೊಗೆಸೊಪ್ಪು ಸೇರಿದರೆ ಇನ್ನೂ ಕೆಟ್ಟದ್ದು. ಮೂರು ಬೆರಳು ಒಂದರ ಮೇಲೊಂದು ಜೋಡಿಸಿದರೆ ಬಾಯೊಳಗೆ ಹೋಗದಷ್ಟು ಬಾಯಿ ಬಿಗಿದವರನ್ನು ದಂತವೈದ್ಯರ ಹತ್ತಿರ ಕಳಿಸು.

ಪರೀಕ್ಷೆ ಹತ್ತಿರ ಬಂದಾಗ ನಿದ್ದೆ ಬಿಟ್ಟ, ಮಾತು ನಿಲ್ಲಿಸಿದ, 'ಬದುಕಿ ಏನಾಗಬೇಕು' ಎಂದ ಮಗುವನ್ನು ಒಂಟಿಯಾಗಿ ಬಿಡಬೇಡ. ಕೂರಿಸಿಕೊಂಡು ಕೇಳು, ಬುದ್ಧಿವಾದ ಆಮೇಲೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಾಗಿಲ್ಲ. ಆ ಅಂಕಿಯನ್ನು ಶೌಚಾಲಯದ ಬಾಗಿಲ ಒಳಬದಿಗೆ ಅಂಟಿಸು. ನೋಟಿಸ್ ಬೋರ್ಡಿನ ಮುಂದೆ ನಿಂತು ಅದನ್ನು ಬರೆದುಕೊಳ್ಳುವ ಧೈರ್ಯ ಆ ಮಗುವಿಗೆ ಇರುವುದಿಲ್ಲ.

ಇಂತಿ,
ನಿನ್ನ ದೊಡ್ಡಮ್ಮ