ನಮ್ಮವರು ಬಂದಾಯಿತು, ಎಲ್ ಫಾಶರ್ ಆಸ್ಪತ್ರೆಯ ಸುದ್ದಿ ಯಾರಿಗೆ ಬೇಕು?

ಮಾನ್ಯ ಸಂಪಾದಕರೇ,

2023ರ ಏಪ್ರಿಲ್‌ನಲ್ಲಿ ಸುಡಾನ್‌ನ ಎಲ್ ಫಾಶರ್ ಊರಿನ ಹೆಸರು ನಮ್ಮ ಪತ್ರಿಕೆಗಳಲ್ಲಿ ಬರುತ್ತಿತ್ತು. ಗಿಡಮೂಲಿಕೆ ಔಷಧಿ, ಎಣ್ಣೆ ಮಾರಲು ಹೋಗಿದ್ದ ನಮ್ಮ ಹಕ್ಕಿಪಿಕ್ಕಿ ಜನ ಯುದ್ಧ ಶುರುವಾಗಿ ಅಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಚುನಾವಣೆ ಹೊತ್ತು ಬೇರೆ. ಸಿದ್ದರಾಮಯ್ಯ ಟ್ವೀಟ್ ಮಾಡಿದರು, ಜೈಶಂಕರ್ ಗರಂ ಆದರು, ಕೊನೆಗೆ ಭಾರತ ಸರ್ಕಾರದ ಆಪರೇಷನ್ ಕಾವೇರಿ ಕಾರ್ಯಾಚರಣೆಯಲ್ಲಿ ನಮ್ಮವರು ಕ್ಷೇಮವಾಗಿ ಬಂದರು. ಸಂತೋಷ. ಅಲ್ಲಿಗೆ ಆ ಊರೂ ನಮ್ಮ ಪುಟಗಳಿಂದ ಮಾಯವಾಯಿತು.

ಅಲ್ಲಿನವರು ಎಲ್ಲಿಗೂ ಹೋಗುವಂತಿರಲಿಲ್ಲವಲ್ಲ. 2024ರ ಮೇ ತಿಂಗಳಿಂದ ಸುಡಾನ್ ಸೇನೆಯ ವಿರುದ್ಧ ಯುದ್ಧ ಮಾಡುತ್ತಿರುವ ಆರ್‌ಎಸ್‌ಎಫ್ ಅನ್ನುವ ಅರೆಸೇನಾ ಪಡೆ ಊರನ್ನು ಸುತ್ತುವರಿಯಿತು. ಜೂನ್‌ನಲ್ಲಿ ಅವರು ಸೌತ್ ಆಸ್ಪತ್ರೆಗೆ ನುಗ್ಗಿ ಗುಂಡು ಹಾರಿಸಿ ಲೂಟಿ ಮಾಡಿದ ಮೇಲೆ ಅದು ಮುಚ್ಚಿತು. ಆಮೇಲೆ ಜನರಿಗೆ ಉಳಿದ ದೊಡ್ಡ ಆಸರೆ ಅಂದರೆ ಸೌದಿ ಹೆರಿಗೆ ಆಸ್ಪತ್ರೆ. ಹೆಸರಿಗೆ ಹೆರಿಗೆ ಆಸ್ಪತ್ರೆ, ಆದರೆ ಗುಂಡೇಟು ಬಿದ್ದವರು, ಕಾಲು ಕಳೆದುಕೊಂಡ ಮಕ್ಕಳು, ಹಸಿವಿನಿಂದ ಸೊರಗಿದ ಬಸುರಿಯರು ಎಲ್ಲರೂ ಅಲ್ಲಿಗೇ. ಗಾಯಕ್ಕೆ ಕಟ್ಟುವ ಬಟ್ಟೆ ಮುಗಿದಾಗ ಡಾಕ್ಟರುಗಳು ಸೊಳ್ಳೆ ಪರದೆ ಕತ್ತರಿಸಿ ಕಟ್ಟಿದರು. 2025ರ ಜನವರಿಯಲ್ಲಿ ಅದರ ಮೇಲೂ ದಾಳಿಯಾಗಿ ಸುಮಾರು 70 ಜನ ಸತ್ತರು. ಅಕ್ಟೋಬರ್ 26ಕ್ಕೆ ಊರು ಆರ್‌ಎಸ್‌ಎಫ್ ಕೈಗೆ ಬಿತ್ತು, ಎರಡೇ ದಿನದಲ್ಲಿ ಅದೇ ಆಸ್ಪತ್ರೆಯಲ್ಲಿ ರೋಗಿಗಳು, ಅವರ ಜೊತೆಗಿದ್ದವರು ಸೇರಿ 460ಕ್ಕೂ ಜಾಸ್ತಿ ಜನರನ್ನು ಕೊಂದ ವರದಿ ಬಂದಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಮಲಗಿದ ರೋಗಿಗಳು! ಇಷ್ಟು ದೊಡ್ಡ ಸುದ್ದಿ ನಮ್ಮ ವಿದೇಶ ಪುಟದಲ್ಲಿ ಎಷ್ಟು ಜಾಗ ಪಡೆಯಿತು, ನೀವೇ ನೋಡಿ.

ಆಸ್ಪತ್ರೆ, ಆಂಬುಲೆನ್ಸ್, ಡಾಕ್ಟರ್ ಮೇಲೆ ಕೈ ಮಾಡಬಾರದು ಅಂತ ಭದ್ರತಾ ಮಂಡಳಿ 2016ರಲ್ಲೇ 2286ನೇ ನಿರ್ಣಯ ಮಾಡಿದೆ. ಸುಮ್ನೆ ಕಾಗದ.

ಭಾರತ ಏನು ಮಾಡಬೇಕು ಅಂದರೆ 'ಔಷಧಿ ಕಳಿಸಿದ್ದೇವಲ್ಲ' ಅನ್ನುತ್ತಾರೆ. ಕಳಿಸಿದ್ದು ನಿಜ, ಒಳ್ಳೆಯದೇ. ಆದರೆ ಪೋರ್ಟ್ ಸುಡಾನ್ ಬಂದರಿಗೆ ಬಂದ ಪೆಟ್ಟಿಗೆ ಎಲ್ ಫಾಶರ್ ಇರುವ ಡಾರ್ಫರ್ ಪ್ರದೇಶಕ್ಕೆ ಹೋಗುವುದೇ ಕಷ್ಟ. ದೇಶದ ಒಂದು ತುದಿಯಿಂದ ಇನ್ನೊಂದು ತುದಿಗೆ ದಾರಿ, ನಡುವೆ ಎರಡೂ ಕಡೆಯ ಬಂದೂಕು. ಇದರಲ್ಲಿ ಆರ್‌ಎಸ್‌ಎಫ್ ಒಂದೇ ತಪ್ಪಿತಸ್ಥ ಅಂತ ನಾನು ಹೇಳುತ್ತಿಲ್ಲ. ಚಾಡ್ ದೇಶದಿಂದ ಬರುವ 'ಆದ್ರೆ' (Adré) ಅನ್ನುವ ಗಡಿ ದಾರಿಯನ್ನು 2024ರಲ್ಲಿ ತಿಂಗಳುಗಟ್ಟಲೆ ಮುಚ್ಚಿಸಿದ್ದು ಸೇನೆಯ ಸರ್ಕಾರವೇ. ಹಾಗಾಗಿ ಇನ್ನೊಂದು ವಿಮಾನ ಮಾತ್ರೆ ಕಳಿಸಿ ಫೋಟೊ ಹಾಕಿಸಿಕೊಂಡರೆ ಸಾಲದು, ದಾರಿ ಬಿಡಿಸಬೇಕು.

ಅದಕ್ಕೆ ನಮಗೆ ಮಾತಿನ ಬಲ ಇದೆ. ಆರ್‌ಎಸ್‌ಎಫ್‌ಗೆ ಶಸ್ತ್ರ ಕೊಡುತ್ತಿರುವ ಆರೋಪ ಯುಎಇ ಮೇಲಿದೆ, ಅದು ಅಲ್ಲಗಳೆಯುತ್ತದೆ. ಸೇನೆಯ ಕಡೆ ಈಜಿಪ್ಟ್ ಇದೆ. ಇಬ್ಬರೂ ನಮ್ಮ ಸ್ನೇಹಿತರೇ ಅಲ್ವಾ? ಯುಎಇ ಜೊತೆಗಂತೂ ವ್ಯಾಪಾರ ಒಪ್ಪಂದವೇ ಇದೆ. ಅಬುಧಾಬಿಗೆ ಹೋದಾಗ ಎಣ್ಣೆ, ಬಂಡವಾಳದ ಮಾತಿನ ನಡುವೆ 'ಔಷಧಿ ಲಾರಿ ಬಿಡಿಸಿ, ಆಸ್ಪತ್ರೆ ಮುಟ್ಟದಂತೆ ನಿಮ್ಮವರಿಗೆ ಹೇಳಿ' ಅಂತ ಒಂದು ಮಾತು ಕೇಳಿದರೆ ಗಂಟೇನು ಹೋಗುತ್ತದೆ?

ಸುಡಾನ್ ಅಂದರೆ ನಮಗೆ ಅಷ್ಟೇನೂ ದೂರವಲ್ಲ. ಬೆಂಗಳೂರು, ಮೈಸೂರಿನಲ್ಲಿ ಅಲ್ಲಿಂದ ಓದಲು ಬಂದವರಿದ್ದಾರೆ. ಯುದ್ಧಕ್ಕೆ ಮುಂಚೆ ಅನುಕೂಲಸ್ಥರು ಆಪರೇಷನ್‌ಗೆ ಭಾರತಕ್ಕೇ ವಿಮಾನ ಹತ್ತಿ ಬರುತ್ತಿದ್ದರು. ಕಾಸಿಲ್ಲದವರಿಗೆ ಎಲ್ ಫಾಶರ್‌ನಂಥ ಊರಿನ ಸರ್ಕಾರಿ ಆಸ್ಪತ್ರೆ. ನಮ್ಮ ಹಕ್ಕಿಪಿಕ್ಕಿಗಳ ಎಣ್ಣೆ ಅಷ್ಟು ದೂರದಲ್ಲಿ ಮಾರಾಟವಾಗಿದ್ದಕ್ಕೂ ಇದೇ ಕಾರಣ ಇರಬೇಕು ಅನ್ನಿಸುತ್ತದೆ, ಡಾಕ್ಟರ್ ಸಿಗದ ಕಡೆ ಜನ ಸಿಕ್ಕಿದ್ದನ್ನು ಕೊಳ್ಳುತ್ತಾರೆ.

ನಿಮ್ಮ ವರದಿಗಾರರನ್ನು ಒಮ್ಮೆ ಚನ್ನಗಿರಿ, ಹುಣಸೂರು ಕಡೆಯ ಹಕ್ಕಿಪಿಕ್ಕಿ ಕಾಲೊನಿಗಳಿಗೆ ಕಳಿಸಿ. ಎಲ್ ಫಾಶರ್‌ನ ಬೀದಿ, ಮಾರುಕಟ್ಟೆ, ಅಲ್ಲಿ ಪರಿಚಯವಾಗಿದ್ದ ಜನ, ಎಲ್ಲವನ್ನೂ ಕಂಡವರು ಈ ಕಾಲೊನಿಗಳಲ್ಲಿದ್ದಾರೆ. ಅವರನ್ನು ಕೇಳಿ ಬರೆಯಿರಿ. ನಮ್ಮ ಸಂಸದರಿಗೂ ಆ ಪುಟ ಕಳಿಸೋಣ, ಸಂಸತ್ತಿನಲ್ಲಿ ಒಂದು ಪ್ರಶ್ನೆಯಾದರೂ ಕೇಳಲಿ.

ಇಂತಿ,
ನಿಮ್ಮ ಓದುಗ, ಶಿವಮೊಗ್ಗ