ಕ್ಯಾನ್‌ಸ್ಯಾಟ್ ಕಟ್ಟುತ್ತಿರುವ ಮಕ್ಕಳ ಪೋಷಕರಿಗೆ

ಪ್ರಿಯ ಪೋಷಕರೇ,

ನಮಸ್ಕಾರ. ಎಂಟು ಮತ್ತು ಒಂಬತ್ತನೇ ತರಗತಿಯ ಮಕ್ಕಳು ಕ್ಯಾನ್‌ಸ್ಯಾಟ್ ಕಟ್ಟುತ್ತಿರುವುದು ನಿಮಗೆ ಗೊತ್ತೇ ಇದೆ. ತಂಪು ಪಾನೀಯದ ಡಬ್ಬಿಯಷ್ಟು ಗಾತ್ರದ ಉಪಕರಣ ಅದು. ಕಕ್ಷೆಗೇನೂ ಹೋಗುವುದಿಲ್ಲ. ಸಣ್ಣ ರಾಕೆಟ್ ಅದನ್ನು ಮೇಲೆ ಒಯ್ದು ಬಿಡುತ್ತದೆ. ಪ್ಯಾರಾಶೂಟ್‌ನಲ್ಲಿ ಇಳಿಯುತ್ತಾ ಗಾಳಿಯ ಒತ್ತಡ, ತಾಪಮಾನವನ್ನು ಅಳೆದು ರೇಡಿಯೊ ಮೂಲಕ ಕೆಳಗೆ ಕಳಿಸುತ್ತದೆ. ಉಪಗ್ರಹಗಳ ಕೆಲಸ ಮಾಡಿದ ಕೆಲವು ಎಂಜಿನಿಯರ್‌ಗಳು ಪ್ರತಿ ಶನಿವಾರ ಬಂದು ಮಕ್ಕಳ ಜೊತೆ ಕೂರುತ್ತಿದ್ದಾರೆ.

ಸಭೆಯಲ್ಲಿ ಹಲವರು ಒಂದೇ ಮಾತು ಕೇಳಿದಿರಿ. "ಅಷ್ಟು ತಿಳಿದವರು ಬಂದಮೇಲೆ ಅವರೇ ಮಾಡಿಕೊಡಬಹುದಲ್ವಾ?" ಮಾಡಿಕೊಡಬಹುದು, ಒಂದು ಮಧ್ಯಾಹ್ನ ಸಾಕು. ಆದರೆ ಅವರು ಬರುವುದು ಪ್ರಶ್ನೆ ಕೇಳೋಕೆ, ಪರೀಕ್ಷೆ ಮಾಡಿಸೋಕೆ. ಸ್ಪ್ಯಾನರ್ ಕೈಗೆ ತಗೊಳ್ಳಬೇಡಿ ಎಂದು ನಾನೇ ಕೇಳಿಕೊಂಡಿದ್ದೇನೆ.

ಒಂದು ತಂಡದ ಪ್ಯಾರಾಶೂಟ್ ತುಂಬಾ ವೇಗವಾಗಿ ಇಳಿಯುತ್ತಿತ್ತು. ಬಟ್ಟೆಯ ವಿಸ್ತೀರ್ಣ ಎರಡರಷ್ಟು ಮಾಡಿದರೆ ವೇಗ ಅರ್ಧ ಆಗುತ್ತೆ ಅಂತ ಮಕ್ಕಳ ಲೆಕ್ಕ. ಎಂಜಿನಿಯರ್ ತಪ್ಪು ಅನ್ನಲಿಲ್ಲ. "ಹೊಲಿದು, ಬೀಳಿಸಿ, ಅಳೆಯಿರಿ" ಅಂದರು, ಅಷ್ಟೇ. ವೇಗ ಇಳಿದದ್ದು ಸುಮಾರು 30 ಶೇಕಡಾ ಮಾತ್ರ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ, ಅಂದರೆ ವೇಗ ಎರಡರಷ್ಟಾದರೆ ತಡೆ ನಾಲ್ಕರಷ್ಟು. ಹಾಗಾಗಿ ವೇಗ ಅರ್ಧ ಆಗಬೇಕಾದರೆ ಬಟ್ಟೆ ನಾಲ್ಕರಷ್ಟು ಬೇಕು. ಆದರೆ ಅಷ್ಟು ಬಟ್ಟೆ ಡಬ್ಬಿಯೊಳಗೆ ಹಿಡಿಸಲ್ಲ. ಆಮೇಲೆ ನಡೆದ ಜಗಳ ನೀವು ಕೇಳಬೇಕಿತ್ತು!

ಸೋಲ್ಡರಿಂಗ್ ಕೂಡ ಹಾಗೆಯೇ. ಪ್ರತಿ ವೈರನ್ನೂ ಚಿಮಟದಲ್ಲಿ ಹಿಡಿದು ಮೆಲ್ಲಗೆ ಎಳೆದು ನೋಡುತ್ತಾರೆ. ಸರಿಯಾಗಿ ಕಾಯದ ಬೆಸುಗೆ ಮಂಕಾಗಿ, ತರಿತರಿಯಾಗಿ ಕಾಣುತ್ತದೆ. ಮೇಜಿನ ಮೇಲೆ ಅದು ಕೆಲಸ ಮಾಡುತ್ತದೆ, ರಾಕೆಟ್ಟಿನ ಅದುರಾಟಕ್ಕೆ ಬಿಟ್ಟುಕೊಳ್ಳುತ್ತದೆ. ನಿಜವಾದ ಉಪಗ್ರಹಗಳನ್ನು ಹಾರಿಸುವ ಮುಂಚೆ ಅದುರುವ ಮೇಜಿನ ಮೇಲಿಟ್ಟು ಅಲ್ಲಾಡಿಸುವುದು ಇದಕ್ಕೇ. ಆಮೇಲೆ ನಿರ್ವಾತದ ಪೆಟ್ಟಿಗೆಯಲ್ಲಿಟ್ಟು ಕಾಯಿಸಿ, ತಣಿಸಿ ನೋಡುತ್ತಾರೆ. ಗಾಳಿಯೇ ಇಲ್ಲದ ಕಡೆ ಉಪಕರಣ ತಣ್ಣಗಿಡಲು ಫ್ಯಾನ್ ಏನು ಮಾಡೀತು? ಸಾಮಾನ್ಯ ಅಂಟು ಸಹ ಅಲ್ಲಿ ಆವಿ ಬಿಟ್ಟು ಕ್ಯಾಮೆರಾ ಲೆನ್ಸ್ ಮೇಲೆ ಕೂರುತ್ತದೆ.

ಶಾಲಾ ಮಕ್ಕಳ ಕೈಯಲ್ಲಿ ಇದೆಲ್ಲ ಆಗುತ್ತಾ? ಆಗಿದೆ. ಅಮೆರಿಕದ ಥಾಮಸ್ ಜೆಫರ್ಸನ್ ಪ್ರೌಢಶಾಲೆಯ ವಿದ್ಯಾರ್ಥಿಗಳು ಕಟ್ಟಿದ ಟಿಜೆ3ಸ್ಯಾಟ್ 2013ರ ನವೆಂಬರ್‌ನಲ್ಲಿ ಕಕ್ಷೆಗೆ ಹೋಯಿತು. ಒಂದೊಂದು ಬದಿಯೂ 10 ಸೆಂಟಿಮೀಟರ್ ಇರುವ ಕ್ಯೂಬ್‌ಸ್ಯಾಟ್, ಅಂದರೆ ಘನಾಕಾರದ ಪುಟ್ಟ ಉಪಗ್ರಹ ಅದು. ಆರ್ಬಿಟಲ್ ಸೈನ್ಸಸ್ ಕಂಪನಿಯ ಎಂಜಿನಿಯರ್‌ಗಳು ವರ್ಷಗಟ್ಟಲೆ ಅವರ ಬೆನ್ನಿಗಿದ್ದರು. ಇನ್ನೊಂದು ಕಥೆಯೂ ಇದೆ. ನಮ್ಮ ದೇಶದ 750 ವಿದ್ಯಾರ್ಥಿನಿಯರು ಸೇರಿ ಮಾಡಿದ ಆಜಾದಿಸ್ಯಾಟ್ ಉಪಗ್ರಹ 2022ರ ಆಗಸ್ಟ್‌ನಲ್ಲಿ ಹಾರಿತು. ರಾಕೆಟ್ ಸರಿಯಾದ ಕಕ್ಷೆಗೆ ಬಿಡದೆ ಅದು ಕೈತಪ್ಪಿತು. ಮಕ್ಕಳದ್ದು ಏನೂ ತಪ್ಪಿಲ್ಲ. ಮುಂದಿನ ಫೆಬ್ರವರಿಯಲ್ಲೇ ಆಜಾದಿಸ್ಯಾಟ್-2 ಕಕ್ಷೆ ಸೇರಿತು. ನಮ್ಮ ಡಬ್ಬಿಗಳಲ್ಲೂ ಒಂದೆರಡು ನೆಲಕ್ಕೆ ಬಡಿದು ಪುಡಿಯಾಗಬಹುದು. ಮಗು ಅಳುತ್ತಾ ಮನೆಗೆ ಬಂದರೆ "ಯಾರ ತಪ್ಪು?" ಅನ್ನಬೇಡಿ. "ಡೇಟಾ ಎಲ್ಲಿವರೆಗೆ ಬಂತು?" ಅಂತ ಕೇಳಿ.

ಇನ್ನು ಕಟ್ಟುನಿಟ್ಟಾಗಿ ಹೇಳಬೇಕಾದದ್ದು. ಮನೆಯಲ್ಲಿ ಯಾರೂ ರಾಕೆಟ್ ಇಂಧನ ಬೆರೆಸುವಂತಿಲ್ಲ. ಇಂಟರ್ನೆಟ್‌ನಲ್ಲಿ ಯಾರೋ ಸಕ್ಕರೆ ಹಾಕಿ ಮಾಡಿ ತೋರಿಸಿದ್ದಾರೆ ಅಂದರೂ ಬೇಡ. ನಾವು ಬಳಸುವುದು ಕಾರ್ಖಾನೆಯಲ್ಲೇ ಇಂಧನ ತುಂಬಿ ತಯಾರಾದ ರಾಕೆಟ್ ಮೋಟರ್ ಮಾತ್ರ. ಅದನ್ನು ಹಚ್ಚುವುದು ದೂರದಿಂದ, ವಿದ್ಯುತ್ ಸ್ವಿಚ್‌ನಲ್ಲಿ, ದೊಡ್ಡವರ ಎದುರಲ್ಲಿ. ಲಿಥಿಯಂ ಬ್ಯಾಟರಿಗಳೂ ಶಾಲೆಯಲ್ಲೇ ಚಾರ್ಜ್ ಆಗುತ್ತವೆ. ಮನೆಗೆ ತಂದರೆ ವಾಪಸ್ ಕಳಿಸಿಬಿಡಿ.

ನಿಮ್ಮಲ್ಲೂ ಎಂಜಿನಿಯರ್‌ಗಳಿದ್ದೀರಿ, ಕೈ ಸುಮ್ನಿರಲ್ಲ, ಗೊತ್ತು. ಆದರೂ ರಾತ್ರೋರಾತ್ರಿ ಸರ್ಕ್ಯೂಟ್ ಸರಿಮಾಡಿ ಕಳಿಸಬೇಡಿ. ಶನಿವಾರ "ಈ ರೆಸಿಸ್ಟರ್ ಯಾಕೆ ಇಲ್ಲಿದೆ?" ಅಂತ ಕೇಳಿದಾಗ ಮಗು ತಲೆ ತಗ್ಗಿಸಿ ನಿಲ್ಲಬೇಕಾಗುತ್ತದೆ. ಸಹಾಯ ಮಾಡಬೇಕು ಅನ್ನಿಸಿದರೆ ಶಾಲೆಗೇ ಬನ್ನಿ. ಬೀಳಿಸುವ ಪರೀಕ್ಷೆಗೆ ಸ್ಟಾಪ್‌ವಾಚ್ ಹಿಡಿಯುವವರು ಯಾವಾಗಲೂ ಬೇಕು.

ಜೊತೆಗಿರುವ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಬುಧವಾರದೊಳಗೆ ಕಳಿಸಿಕೊಡಿ. ಸೋಲ್ಡರಿಂಗ್ ಕಡ್ಡಿಯ ತುದಿ 300 ಡಿಗ್ರಿಗಿಂತ ಜಾಸ್ತಿ ಬಿಸಿ ಇರುತ್ತದೆ. ಹಾಗಾಗಿ ಮಕ್ಕಳು ಹತ್ತಿ ಬಟ್ಟೆ, ಮುಚ್ಚಿದ ಶೂ ಹಾಕಿಕೊಂಡು ಬರಲಿ. ಉದ್ದ ಕೂದಲಿದ್ದರೆ ಕಟ್ಟಿರಲಿ.

ಇಂತಿ,
ಮುಖ್ಯ ಶಿಕ್ಷಕರು